ಒಗ್ಗರಣೆಯ ಇನ್ನೊಂದೂರು

ಅಡುಗೆಮನೆಯ ಕಿಂಡಿಯಿಂದ ನನ್ನ ಬಟ್ಟಲು ಹೋದ ಹಾಗೆಯೇ ವಾಪಸ್ ಬಂತು. ಅದರಲ್ಲಿ ಸಾರಿರಲಿಲ್ಲ, ಮಾಂಸವಿರಲಿಲ್ಲ. ಕಾಲು ಗಂಟೆ ಕೂತು ನಾನೇ ಮುರಿದು ತುಂಬಿದ್ದ ರೊಟ್ಟಿಚೂರುಗಳು ಮಾತ್ರ ಇದ್ದವು. ಬಟ್ಟಲು ತಂದ ಹುಡುಗಿ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಏನೋ ಅಂದಳು. ಪಕ್ಕದ ಮೇಜಿನವರೂ ನಕ್ಕರು. ‘ಇಷ್ಟು ದಪ್ಪ ಇದ್ರೆ ಸಾರು ಒಳಗೆ ಇಳಿಯಲ್ಲ, ಇನ್ನೊಂದು ಸಲ ಮುರೀಬೇಕಂತೆ’ ಎಂದು ಗೆಳತಿ ಅನುವಾದಿಸಿದಳು. ಆ ನಗು ನೋಡಿದರೆ, ಅವಳು ಅನುವಾದಿಸದೆ ಬಿಟ್ಟಿದ್ದೇ ಹೆಚ್ಚು ಅನ್ನಿಸಿತು.

ನಗದೆ ಕೂತಿದ್ದವರು ಅವಳಪ್ಪ ಒಬ್ಬರೇ. ಬಟ್ಟಲನ್ನು ತಮ್ಮತ್ತ ಎಳೆದುಕೊಂಡು, ಒಂದು ಚೂರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ಮೂರು ಮಾಡಿ, ಅಂಗೈಯಲ್ಲಿಟ್ಟು ತೋರಿಸಿದರು. ಸೋಯಾ ಕಾಳಿನ ಗಾತ್ರ. ಹಳಬರ ಲೆಕ್ಕದಲ್ಲಿ ಜೇನುಹುಳುವಿನ ತಲೆಯಷ್ಟಿರಬೇಕಂತೆ.

ಊರು ಶಿಯಾನ್. ನಮ್ಮ ಪತ್ರಿಕೆಗಳಲ್ಲಿ ಕ್ಸಿಯಾನ್ ಎಂದು ಅಚ್ಚಾಗುವ, 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನಿಕರಿಂದಾಗಿ ಜಗತ್ತಿಗೆಲ್ಲ ಗೊತ್ತಾದ ಊರು. ಚೀನಾದ ನಡುಮಧ್ಯದ ಶಾನ್‌ಶಿ ಪ್ರಾಂತ್ಯದ ರಾಜಧಾನಿ. ತಾಂಗ್ ದೊರೆಗಳ ಕಾಲದಲ್ಲಿ ಇದರ ಹೆಸರು ಚಾಂಗಾನ್. ರೇಷ್ಮೆ ದಾರಿಯ ಒಂಟೆಗಳು ಬಂದು ಮಂಡಿಯೂರುತ್ತಿದ್ದದ್ದು ಇಲ್ಲೇ. ನಾವು ತಿನ್ನಹೊರಟಿದ್ದು ಯಾಂಗ್‌ರೋ ಪಾವ್‌ಮೋ, ಅಂದರೆ ಕುರಿಮಾಂಸದ ಸಾರಿನಲ್ಲಿ ನೆನೆದ ರೊಟ್ಟಿ. ಅಂಗಡಿಯವರು ನಿಮ್ಮೆದುರು ಒಂದು ಖಾಲಿ ಬಟ್ಟಲು ಮತ್ತು ಅರೆಬೆಂದ ಎರಡು ದಪ್ಪ ರೊಟ್ಟಿ ಇಟ್ಟು ಹೋಗಿಬಿಡುತ್ತಾರೆ. ಮುರಿಯುವ ಕೆಲಸ ನಿಮ್ಮದು. ಮುರಿದು ಮುಗಿದ ಮೇಲೆ ಬಟ್ಟಲಿಗೊಂದು ನಂಬರಿನ ಬಿಲ್ಲೆ ಸಿಕ್ಕಿಸಿ ಒಳಗೆ ಒಯ್ಯುತ್ತಾರೆ. ಒಬ್ಬರು ಮುರಿದ ರೊಟ್ಟಿ ಇನ್ನೊಬ್ಬರಿಗೆ ಹೋಗಕೂಡದು ಎಂಬ ನಿಯತ್ತು ಅದು.

ರೊಟ್ಟಿ ಮುರಿಯುತ್ತ ಕೂತಾಗ ನನಗೆ ನೆನಪಾದದ್ದು ಡಿಸೆಂಬರಿನ ನಮ್ಮ ಮನೆ. ಮೊರದ ತುಂಬ ನೆನೆದ ಅವರೆಕಾಳು, ಸುತ್ತ ಅಜ್ಜಿ, ಅತ್ತೆ, ಪಕ್ಕದ ಮನೆಯವರು; ಬೆರಳು ಬೇಳೆ ಹಿತುಕುತ್ತಿದ್ದರೆ ಬಾಯಿ ಊರಿನ ಸುದ್ದಿ ಹಿತುಕುತ್ತಿತ್ತು. ಪಾವ್‌ಮೋ ಅಂಗಡಿಯೂ ಹಾಗೆಯೇ. ನಾಲ್ಕು ಜನ ಮುದುಕರು ಅರ್ಧ ಗಂಟೆಯಾದರೂ ರೊಟ್ಟಿ ಮುರಿಯುತ್ತಲೇ ಇರುತ್ತಾರೆ. ಮಗ-ಸೊಸೆಯ ವಿಷಯ, ಮೊಣಕಾಲಿನ ವಿಷಯ, ಮನೆ ಬಾಡಿಗೆಯ ವಿಷಯ ಎಲ್ಲ ಆ ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಯಂತ್ರದಲ್ಲಿ ಕತ್ತರಿಸಿದ ಚೂರುಗಳೂ ಈಗ ಸಿಗುತ್ತವೆ. ಆದರೆ ಕತ್ತಿಯ ಅಂಚಿಗೆ ಸಾರು ಅಂಟುವುದಿಲ್ಲ, ಬೆರಳು ಹರಿದ ಒರಟು ಅಂಚಿಗೆ ಅಂಟುತ್ತದೆ ಎನ್ನುವುದು ಗೆಳತಿಯ ಅಪ್ಪನ ವಾದ. ನಾನು ಎರಡನ್ನೂ ತಿಂದು ನೋಡಿದೆ. ಅವರು ಹೇಳಿದ್ದೇ ಸರಿ.

ಎರಡನೆಯ ಸಲ ನನ್ನ ಬಟ್ಟಲು ಪಾಸಾಯಿತು. ಸಾರು ಎಷ್ಟು ಬೇಕು ಎಂದು ಮುಂಚೆಯೇ ಹೇಳಬೇಕು, ಅದಕ್ಕೂ ಹೆಸರುಗಳಿವೆ. ಸಾರೆಲ್ಲ ರೊಟ್ಟಿಯೊಳಗೇ ಇಂಗಿ ಹೋಗುವಂಥದ್ದು ಒಂದು. ಕೊನೆಯಲ್ಲಿ ಒಂದೇ ಒಂದು ಗುಟುಕು ಉಳಿಯುವಂಥದ್ದು ಇನ್ನೊಂದು. ನಡುವೆ ರೊಟ್ಟಿಯ ಗುಡ್ಡೆ, ಸುತ್ತ ಸಾರಿನ ಕಂದಕ ಇರುವಂಥದ್ದು ಮತ್ತೊಂದು. ಈ ಮೂರನೆಯದರ ಹೆಸರು ‘ನೀರು ಮುತ್ತಿದ ಕೋಟೆ’. ಸುತ್ತಳತೆ 13.7 ಕಿಲೋಮೀಟರ್ ಇರುವ ಮಿಂಗ್ ಕಾಲದ ಕೋಟೆಗೋಡೆ ಇಂದಿಗೂ ಊರನ್ನು ಸುತ್ತಿ ನಿಂತಿರುವಾಗ ಊಟಕ್ಕೆ ಇಂಥ ಹೆಸರು ಬರುವುದು ಸಹಜವೇ. ಬಟ್ಟಲು ಬಂದ ಕೂಡಲೇ ನಾನು ಚಮಚ ಹಾಕಿ ಕಲಸಲು ಹೋದೆ. ಕೈಮೇಲೆ ಏಟು ಬಿತ್ತು. ಕಲಸಬಾರದು. ಒಂದು ಅಂಚಿನಿಂದ ಶುರು ಮಾಡಿ, ರೇಷ್ಮೆಹುಳು ಎಲೆ ತಿಂದಂತೆ, ಸ್ವಲ್ಪ ಸ್ವಲ್ಪವೇ ಒಳಗೆ ಹೋಗಬೇಕು. ಕಲಸಿದರೆ ಬಿಸಿಯೂ ಹೋಗುತ್ತದೆ, ಗಂಜಿಯೂ ಆಗುತ್ತದೆ. ಜೊತೆಗೆ ಸಿಹಿ ಉಪ್ಪಿನಕಾಯಿ ಹಾಕಿದ ಇಡೀ ಬೆಳ್ಳುಳ್ಳಿ ಗಡ್ಡೆ.

ಈ ಊರಿನ ಬೀದಿಯೂಟ ಅರ್ಧ ಅಂಗಡಿಯವನದು, ಇನ್ನರ್ಧ ತಿನ್ನುವವನದು. ಆ ಇನ್ನರ್ಧ ಯಾವ ಪ್ರವಾಸದ ಪುಸ್ತಕದಲ್ಲೂ ಇರುವುದಿಲ್ಲ. ಪಕ್ಕದಲ್ಲಿ ಕೂತು ಕೈಮೇಲೆ ಹೊಡೆಯುವವರು ಬೇಕು.

*

ಅದು ನಮಗೆ ಗೊತ್ತಾದದ್ದು ಮೊದಲ ರಾತ್ರಿ ಕೆಟ್ಟ ಮೇಲೆ. ನಮ್ಮಿಬ್ಬರಲ್ಲಿ ಮಟನ್ ತಿನ್ನುವವಳು ನಾನು; ನನ್ನ ಗಂಡ ಮೊಟ್ಟೆಯನ್ನೂ ಮುಟ್ಟದವರು. ಅವರ ಕಚೇರಿಯಲ್ಲಿ ಎರಡು ವರ್ಷ ಕೆಲಸ ಮಾಡಿ, ಬೆಂಗಳೂರಿನ ದರ್ಶಿನಿಗಳನ್ನೆಲ್ಲ ಸುತ್ತಿ ವಾಪಸ್ ಹೋಗಿದ್ದ ಗೆಳತಿ ‘ಬನ್ನಿ, ಸಸ್ಯಾಹಾರಿಗೂ ನಮ್ಮೂರಲ್ಲಿ ತೊಂದರೆಯಿಲ್ಲ’ ಎಂದು ಕರೆದಿದ್ದಳು. ಆದರೆ ನಾವು ಇಳಿದ ದಿನ ಅವಳಿಗೆ ಕೆಲಸವಿತ್ತು. ನಾವಾಗಿಯೇ 1380ರ ನಗಾರಿ ಗೋಪುರದ ಹಿಂದಿನ ಮುಸ್ಲಿಂ ಬೀದಿಗೆ ಹೋದೆವು. ದೀಪಗಳೋ ದೀಪಗಳು, ದಾಳಿಂಬೆ ರಸದ ಗಾಡಿಗಳು, ಮೈಕು ಹಿಡಿದು ಕೂಗುವ ಹುಡುಗರು. ನಾನು ಎತ್ತಿಕೊಂಡದ್ದು ಕಡ್ಡಿಗೆ ಚುಚ್ಚಿದ ಸ್ಕ್ವಿಡ್. ಸಮುದ್ರ ಈ ಊರಿನಿಂದ ನೂರಾರು ಕಿಲೋಮೀಟರ್ ದೂರವಿದೆ ಎಂದು ಆಗ ಹೊಳೆಯಲಿಲ್ಲ. ಗಂಡನಿಗೆ ಒಂದು ಅಂಗಡಿಯವರು ‘ಮಾಂಸ ಇಲ್ಲ’ ಎಂದು ಆಣೆಯಿಟ್ಟು ಕೊಟ್ಟ ನೂಡಲ್ಸ್ ಬಟ್ಟಲಿನ ತಳದಲ್ಲಿ ದನದ ಮೂಳೆಯ ಚಕ್ಕೆ ಸಿಕ್ಕಿತು. ಪಾಪ, ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಮಾಂಸದ ತುಂಡು ಹಾಕದಿದ್ದರೆ ಅದು ಮಾಂಸವಿಲ್ಲದ ಊಟ, ಸಾರು ಯಾವುದರದ್ದಾದರೂ ಸಾರೇ ಎನ್ನುವುದು ಅವರ ಲೆಕ್ಕ. ‘ವೋ ಚ ಸೂ’, ಅಂದರೆ ‘ನಾನು ಸಸ್ಯಾಹಾರ ತಿನ್ನುವವನು’ ಎಂಬ ಮೂರು ಪದಗಳನ್ನು ಗೆಳತಿ ಮರುದಿನ ಬೆಳಿಗ್ಗೆ ಕಲಿಸಿದಳು. ಅದರ ಹಿಂದೆಯೇ ‘ಮೂಳೆಯ ಸಾರೂ ಬೇಡ’ ಎಂದೂ ಸೇರಿಸಬೇಕು ಎಂದಳು.

ಬೆಳಿಗ್ಗೆ ಬಂದದ್ದು ಅವಳೊಬ್ಬಳೇ ಅಲ್ಲ, ಅಪ್ಪನನ್ನೂ ಕರೆತಂದಿದ್ದಳು. ನಗರ ಸಾರಿಗೆಯ ಬಸ್ಸು ಓಡಿಸಿ ನಿವೃತ್ತರಾದವರು. ಯಾವ ಗಲ್ಲಿಯಲ್ಲಿ ಯಾವ ಹೊತ್ತಿಗೆ ಏನು ಬೇಯುತ್ತದೆ ಎಂದು ಮೂವತ್ತು ವರ್ಷ ಕಿಟಕಿಯಿಂದ ಮೂಗು ಹೊರಹಾಕಿಯೇ ಕಲಿತವರು. ಏನೆಂದು ಕರೆಯಲಿ ಎಂದು ಕೇಳಿದೆ. ‘ಶೂಶು’ ಅನ್ನು ಎಂದಳು. ಶೂಶು ಅಂದರೆ ಬರೀ ಅಂಕಲ್ ಅಲ್ಲ, ಅಪ್ಪನ ತಮ್ಮ. ಅಪ್ಪನ ಅಣ್ಣನಿಗೆ ಬೇರೆಯದೇ ಪದ. ಚಿಕ್ಕಪ್ಪ ದೊಡ್ಡಪ್ಪ ಬೇರೆ ಬೇರೆ ಇರುವ ಭಾಷೆಯವಳಿಗೆ ಇದು ತಟ್ಟನೆ ಹತ್ತಿರವಾಯಿತು. ನಾವು ರಾತ್ರಿ ತಿಂದದ್ದನ್ನು ಹೇಳಿದಾಗ ಶೂಶು ಸ್ಕ್ವಿಡ್ ಹೆಸರು ಕೇಳಿ ಕಣ್ಣು ಮುಚ್ಚಿಕೊಂಡರು. ಊರಿನವರು ಆ ದೊಡ್ಡ ಬೀದಿಗೆ ಹೋಗುವುದೇ ಇಲ್ಲವಂತೆ. ಅದರ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಸಿಗುವ ಸಾಜಿನ್‌ಚ್ಯಾವ್ ಬೀದಿಗೆ, ಇಲ್ಲವೇ ದಾಪಿಯುವಾನ್ ಓಣಿಗೆ ಹೋಗುತ್ತಾರಂತೆ.

*

ಸಾಜಿನ್‌ಚ್ಯಾವ್‌ನ ಬೆಳಗು ಹೊಗೆಯಲ್ಲಿ ಶುರುವಾಗುತ್ತದೆ. ಇಲ್ಲಿ ನೆಲೆಸಿರುವವರು ಹೆಚ್ಚಾಗಿ ಹುಯಿ ಜನ. ಮಾತು ಚೀನೀ, ಮೋರೆ ಚೀನೀ, ಧರ್ಮ ಇಸ್ಲಾಂ. ಚೀನಾದಲ್ಲಿ ಇವರ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ತಾಂಗ್ ಕಾಲದಲ್ಲಿ ಪಶ್ಚಿಮದಿಂದ ಬಂದ ವರ್ತಕರು ಇಲ್ಲಿನ ಹೆಣ್ಣುಗಳನ್ನು ಮದುವೆಯಾಗಿ ಇಲ್ಲಿಯವರೇ ಆಗಿಹೋದ ಕತೆ ಇವರದು. ಊರಿನ ದೊಡ್ಡ ಮಸೀದಿಗೆ ಗುಮ್ಮಟವಿಲ್ಲ. ಮಿನಾರು ನಿಲ್ಲಬೇಕಾದಲ್ಲಿ ಹಂಚಿನ ಮಾಡುಗಳ ಪಗೋಡ ನಿಂತಿದೆ. ಇವರ ಒಲೆಗಳಲ್ಲಿ ಹಂದಿ ಬೇಯುವುದಿಲ್ಲ. ಶಿಯಾನ್ ಬೀದಿಯೂಟದ ಹಿರಿಮೆಯೆಲ್ಲ ಹೆಚ್ಚುಕಡಿಮೆ ಇವರ ಕೈಯದು.

ಶೂಶು ಮೊದಲು ನಿಲ್ಲಿಸಿದ್ದು ಹೂಲಾತಾಂಗ್ ಹಂಡೆಯ ಮುಂದೆ. ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ದನದ ಮಾಂಸದ ಪುಟ್ಟ ಉಂಡೆಗಳು ಹಾಕಿದ ಮಂದವಾದ ಗೊಜ್ಜಿನಂಥ ಸಾರು. ಮೊದಲ ಚಮಚಕ್ಕೆ ಗಂಟಲಿನ ಹಿಂಭಾಗ ಬೆಚ್ಚಗಾಗುತ್ತದೆ, ಮೂರನೆಯದಕ್ಕೆ ಮೂಗು ಸೋರುತ್ತದೆ. ಇದು ಮೆಣಸಿನಕಾಯಿಯ ಉರಿಯಲ್ಲ, ಕಾಳುಮೆಣಸಿನ ಕಾವು. ನೆಗಡಿಯಾದಾಗ ಅಮ್ಮ ಮಾಡುವ ಮೆಣಸಿನ ಸಾರಿನ ಕಾವು!

ಹೆಸರಿನಲ್ಲೇ ಗುಟ್ಟಿದೆ. ಹೂಲಾತಾಂಗ್‌ನ ‘ಹೂ’ ಕಾಳುಮೆಣಸಿನ ಚೀನೀ ಹೆಸರಾದ ‘ಹೂಜ್ಯಾವ್’ನಿಂದ ಬಂದದ್ದು, ಹೂ ಎಂದರೆ ಪರದೇಶದವರು. ಒಂಬತ್ತನೆಯ ಶತಮಾನದಲ್ಲಿ ದುವಾನ್ ಚೆಂಗ್‌ಶಿ ಎಂಬ ತಾಂಗ್ ಲೇಖಕ ಇದು ಮಗಧ ದೇಶದಿಂದ ಬರುತ್ತದೆ ಎಂದು ಬರೆದು, ಅಲ್ಲಿನವರು ಇದನ್ನು ಕರೆಯುವ ಹೆಸರನ್ನೂ ಚೀನೀ ಅಕ್ಷರಗಳಲ್ಲಿ ಇಳಿಸಿದ್ದಾನೆ. ಆ ಅಕ್ಷರಗಳನ್ನು ಬಿಡಿಸಿದರೆ ಸಿಗುವುದು ಸಂಸ್ಕೃತದ ‘ಮರೀಚ’. ಮಗಧದಲ್ಲಿ ಮೆಣಸೆಲ್ಲಿ ಬೆಳೆಯಬೇಕು? ಬಳ್ಳಿ ಇದ್ದದ್ದು ನಮ್ಮ ಪಶ್ಚಿಮ ಘಟ್ಟದ ಮರಗಳ ಮೇಲೆ. ಅವನಿಗೆ ವ್ಯಾಪಾರಿಯ ಊರು ಗೊತ್ತಿತ್ತು, ಬೆಳೆದವನ ಊರು ಗೊತ್ತಿರಲಿಲ್ಲ. ಇದಕ್ಕಿಂತ ಸ್ವಾರಸ್ಯದ್ದು ಯುವಾನ್ ಝಾಯ್‌ನ ಕತೆ. ತಾಂಗ್ ಆಸ್ಥಾನದ ಈ ಮಹಾಮಂತ್ರಿ ಲಂಚಕ್ಕೆ ಹೆಸರುವಾಸಿ. 777ರಲ್ಲಿ ದೊರೆ ಅವನಿಗೆ ಮರಣದಂಡನೆ ಕೊಟ್ಟು ಆಸ್ತಿ ಜಪ್ತಿ ಮಾಡಿದಾಗ ಉಗ್ರಾಣದಲ್ಲಿ ಸಿಕ್ಕ ಕಾಳುಮೆಣಸು 800 ಶಿ. ಇಂದಿನ ಅಳತೆಯಲ್ಲಿ ಹತ್ತಾರು ಟನ್. ಅದೇ ಹೊತ್ತಿನಲ್ಲಿ ನಮ್ಮ ಸೀಮೆಯನ್ನು ಆಳುತ್ತಿದ್ದವರು ರಾಷ್ಟ್ರಕೂಟರು. ಘಟ್ಟದಲ್ಲಿ ಯಾರೋ ಒಣಗಿಸಿದ ಮೆಣಸು ಕಡಲು, ಮರುಭೂಮಿ ದಾಟಿ ಚಾಂಗಾನಿನಲ್ಲೊಬ್ಬನ ಗಂಟಾಗಿ ಕೂತಿತ್ತು. ಈಗ ಅದೇ ಊರಿನಲ್ಲಿ ಬಸ್ಸಿಗೆ ಹೊರಟ ಕೂಲಿಯವನು ನಿಂತುಕೊಂಡೇ ಬಟ್ಟಲುಗಟ್ಟಲೆ ಕುಡಿದು ಹೋಗುತ್ತಾನೆ. ಶೂಶುಗೆ ಇದನ್ನೆಲ್ಲ ಹೇಳಿದೆ. ‘ಹಾಗಾದರೆ ಇವತ್ತಿನ ಬಿಲ್ಲು ನಿನ್ನದು’ ಎಂದರು.

ಹೂಲಾತಾಂಗ್ ಗಂಡನಿಗೆ ಕೂಡದು. ಅವರಿಗೆ ಸಿಕ್ಕಿದ್ದು ಮೂರು ಹೆಜ್ಜೆ ಆಚೆಯ ಝೆಂಗ್‌ಗಾವ್. ಅಂಟು ಅಕ್ಕಿ, ಕೆಂಪು ಖರ್ಜೂರದಂಥ ಬೋರೆಹಣ್ಣು, ರಾಜ್ಮಾ ಪದರಪದರವಾಗಿ ತುಂಬಿ ರಾತ್ರಿಯಿಡೀ ಹಬೆಯಲ್ಲಿ ಬೇಯಿಸಿದ ಸಿಹಿ. ಬೆಳಗಿನ ಹೊತ್ತಿಗೆ ಹಣ್ಣು ಕರಗಿ ಅಕ್ಕಿಯೆಲ್ಲ ಕಂದುಬಣ್ಣ. ಅಂಗಡಿಯಾಕೆ ಉದ್ದನೆಯ ಕರಣೆಯಲ್ಲಿ ಮೇಲಿಂದ ತಳದವರೆಗೆ ಕೆರೆದು ಎಲ್ಲ ಪದರವೂ ಬರುವಂತೆ ಕೊಡುತ್ತಾಳೆ. ಬೆಲ್ಲ ಹಾಕದೆ ಇಷ್ಟು ಸಿಹಿಯಾಗುವ ಇನ್ನೊಂದು ತಿಂಡಿಯನ್ನು ನಾನು ಕಂಡಿಲ್ಲ. ಗಂಡ ಅದನ್ನು ಮೂರು ದಿನವೂ ತಿಂದರು. ಮೂರನೆಯ ದಿನ ಆಕೆ ಕೇಳದೆಯೇ ಹೆಚ್ಚು ಹಾಕಿದಳು.

*

ಮಧ್ಯಾಹ್ನಕ್ಕೆ ‘ತ್ರಿ-ಚಿನ್ ಸೆಟ್’. ಚಿನ್ ಎನ್ನುವುದು ಶಾನ್‌ಶಿಯ ಹಳೆಯ ಹೆಸರು. ಒಂದು ತಟ್ಟೆ ಲ್ಯಾಂಗ್‌ಪಿ, ಒಂದು ರೋಜ್ಯಾಮೋ, ಒಂದು ಬಾಟಲಿ ಬಿಂಗ್‌ಫೆಂಗ್ ಎಂಬ ಕಿತ್ತಳೆ ಸೋಡಾ. ಇಡ್ಲಿ-ವಡೆ-ಕಾಫಿ ನಮಗೆ ಹೇಗೋ ಹಾಗೆ. ಗಾಜಿನ ಬಾಟಲಿ, ಸ್ಟ್ರಾ, ಅತಿ ಸಿಹಿ. ಗೋಲಿ ಸೋಡಾ ಕಾಲದವರಿಗೆ ಇಷ್ಟವಾದೀತು. ಬೇರೆ ಊರಿನಲ್ಲಿ ಕೆಲಸಕ್ಕಿರುವ ಶಿಯಾನ್ ಹುಡುಗರು ಊರು ನೆನೆದು ಅಳುವುದು ಈ ಬಾಟಲಿಗೇ ಎಂದು ಗೆಳತಿ ನಕ್ಕಳು. ಅವಳೂ ಬೆಂಗಳೂರಿನಲ್ಲಿ ಅತ್ತಿದ್ದಳಂತೆ.

ಲ್ಯಾಂಗ್‌ಪಿ ಮಾಡುವುದನ್ನು ನೋಡಲು ಶೂಶು ನಮ್ಮನ್ನು ಒಂದು ಅಂಗಡಿಯ ಹಿಂಬಾಗಿಲಿಗೆ ಕರೆದೊಯ್ದರು. ಗೋಧಿಹಿಟ್ಟು ಕಲಸಿ, ಆ ಮುದ್ದೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯುತ್ತಾರೆ. ಹಾಲು ಒಂದು ಕಡೆ, ರಬ್ಬರಿನಂಥ ಜಿಗಟು ಇನ್ನೊಂದು ಕಡೆ. ಹಲ್ವಾ ಮಾಡಲು ಗೋಧಿ ಹಾಲು ತೆಗೆದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ಆ ಹಾಲಿಗೆ ಸಕ್ಕರೆ, ತುಪ್ಪ ಸುರಿದು ಮಗುಚುತ್ತೇವೆ. ಇವರು ಹಾಲನ್ನು ತಿಳಿಯಾಗಲು ಬಿಟ್ಟು, ಕೆಳಗಿಳಿದ ಹಿಟ್ಟನ್ನು ತಟ್ಟೆಗೆ ತೆಳ್ಳಗೆ ಹುಯ್ದು ಹಬೆಯಲ್ಲಿ ಬೇಯಿಸಿ, ಹಪ್ಪಳದಂತೆ ಎಬ್ಬಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಜಿಗಟನ್ನೂ ಎಸೆಯುವುದಿಲ್ಲ, ಬೇಯಿಸಿ, ಸ್ಪಂಜಿನಂಥ ತುಂಡು ಮಾಡಿ ಮೇಲೆ ಹಾಕುತ್ತಾರೆ. ಸೌತೆಕಾಯಿ, ಮೊಳಕೆಕಾಳು, ವಿನೆಗರ್, ಬೆಳ್ಳುಳ್ಳಿ ನೀರು, ಎಳ್ಳಿನ ಗೊಜ್ಜು, ಕೆಂಪೆಣ್ಣೆ. ತಣ್ಣಗೆ ತಿನ್ನುವ ಇದು ಗಂಡನ ಪಾಲಿಗೆ ಊರಿಗೂರೇ ಕೊಟ್ಟ ಉಡುಗೊರೆ. ನನ್ನ ಅಭಿಪ್ರಾಯ ಕೇಳಿದರೆ, ಆ ಮೂರು ದಿನಗಳಲ್ಲಿ ತಿಂದದ್ದರಲ್ಲಿ ಅತ್ಯುತ್ತಮವಾದದ್ದು ಇದೇ, ಕುರಿ ಸಾರೂ ಅಲ್ಲ.

ರೋಜ್ಯಾಮೋವನ್ನು ‘ಚೀನೀ ಬರ್ಗರ್’ ಎಂದು ಫಲಕ ಹಾಕುವವರಿದ್ದಾರೆ. ಶೂಶು ಎದುರು ಹಾಗನ್ನಬೇಡಿ. ಸುಟ್ಟ ಬಿಳಿ ರೊಟ್ಟಿಯನ್ನು ಸೀಳಿ, ಗಂಟೆಗಟ್ಟಲೆ ಮಸಾಲೆ ನೀರಿನಲ್ಲಿ ಬೆಂದ ಹಂದಿಮಾಂಸವನ್ನು ಕೊಚ್ಚಿ ತುಂಬುತ್ತಾರೆ. ಹುಯಿ ಓಣಿಗಳಲ್ಲಾದರೆ ದನದ ಮಾಂಸ. ಇದನ್ನೂ ತಿನ್ನುವ ಕ್ರಮವಿದೆ. ನಾನು ಬರ್ಗರಿನಂತೆ ನೆಟ್ಟಗೆ ಹಿಡಿದೆ, ರಸವೆಲ್ಲ ಮೊಣಕೈವರೆಗೆ ಇಳಿಯಿತು. ಅಡ್ಡ ಹಿಡಿಯಬೇಕು, ಬದಿಯಿಂದ ಕಚ್ಚುತ್ತ ಹೋಗಬೇಕು, ಆಗ ರಸ ರೊಟ್ಟಿಗೇ ಇಳಿಯುತ್ತದೆ. ಹಸಿಮೆಣಸಿನಕಾಯಿ ಸೇರಿಸಿ ಕೊಚ್ಚಿದರೆ ಅದು ಪರವೂರಿನವರ ರೋಜ್ಯಾಮೋ. ‘ಕೊಬ್ಬಿಲ್ಲದ್ದು ಕೊಡಿ’ ಎಂದರೆ ಕೊಡುತ್ತಾರೆ, ಆದರೆ ಮುಖದಲ್ಲಿ ಮರುಕವಿರುತ್ತದೆ.

ಈ ರೊಟ್ಟಿಗಾಗಿ ಕೋರ್ಟೂ ನಡೆದಿದೆ. ಇದೇ ಪ್ರಾಂತ್ಯದ ತೋಂಗ್‌ಗ್ವಾನ್ ಊರಿನ ರೋಜ್ಯಾಮೋ ಪದರಪದರವಾದ ಗರಿಗರಿ ರೊಟ್ಟಿಯದು. ಅಲ್ಲಿನ ಸಂಘವೊಂದು ಆ ಹೆಸರನ್ನು ನೋಂದಾಯಿಸಿಕೊಂಡು, 2021ರಲ್ಲಿ ದೇಶದ ಬೇರೆ ಬೇರೆ ಊರುಗಳ ನೂರಾರು ಸಣ್ಣ ಅಂಗಡಿಗಳ ಮೇಲೆ ದಾವೆ ಹಾಕಿತು: ಹೆಸರು ಬಳಸಿದ್ದಕ್ಕೆ ಪರಿಹಾರ ಕೊಡಿ, ಬಳಸುವುದಾದರೆ ಶುಲ್ಕ ಕಟ್ಟಿ ಎಂದು. ಜನ ರೊಚ್ಚಿಗೆದ್ದರು. ಸರ್ಕಾರದ ಬೌದ್ಧಿಕ ಆಸ್ತಿ ಇಲಾಖೆಯೇ ಮಧ್ಯೆ ಬಂದು, ಊರಿನ ಹೆಸರು ಹೇಳಿದ ಮಾತ್ರಕ್ಕೆ ಶುಲ್ಕ ಕೇಳುವ ಹಕ್ಕು ಸಂಘಕ್ಕಿಲ್ಲ ಎಂದಿತು. ಸಂಘ ಕ್ಷಮೆ ಕೇಳಿತು. ನಾಳೆ ಯಾರಾದರೂ ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಫಲಕಕ್ಕೆಲ್ಲ ಬಾಡಿಗೆ ಕೇಳಲು ಹೊರಟರೆ ಹೇಗಿರುತ್ತದೆ ಎಂದು ಯೋಚಿಸಿ.

*

ಈಗ ಒಗ್ಗರಣೆಯ ವಿಷಯ.

ಶಾನ್‌ಶಿಯವರು ತಮ್ಮ ನಾಡಿನ ವಿಚಿತ್ರಗಳನ್ನು ತಾವೇ ಪಟ್ಟಿ ಮಾಡಿಕೊಂಡು ನಗುತ್ತಾರೆ. ನೂಡಲ್ಸ್ ಸೊಂಟಪಟ್ಟಿಯಷ್ಟು ಅಗಲ. ರೊಟ್ಟಿ ಪಾತ್ರೆಯ ಮುಚ್ಚಳದಷ್ಟು. ಊಟದ ಬಟ್ಟಲು ಯಾವುದು ಬೋಗುಣಿ ಯಾವುದು ತಿಳಿಯುವುದಿಲ್ಲ. ಜಗಲಿಯಲ್ಲಿ ಪೀಠವಿದ್ದರೂ ಕುಕ್ಕರಗಾಲಿನಲ್ಲೇ ಕೂರುತ್ತಾರೆ. ಖಾರದೆಣ್ಣೆಯೇ ಒಂದು ಪಲ್ಯ. ಮೊದಲನೆಯದು ಬ್ಯಾಂಗ್‌ಬ್ಯಾಂಗ್ ನೂಡಲ್ಸ್. ಕಲಸಿದ ಹಿಟ್ಟನ್ನು ಎರಡೂ ಕೈಯಲ್ಲಿ ಎಳೆದು ಹಲಗೆಗೆ ಬಡಿದಾಗ ಆಗುವ ಸದ್ದೇ ಹೆಸರಾಗಿದೆ. ಆ ಸದ್ದನ್ನು ಬರೆಯಲು ಅವರು ಕಟ್ಟಿದ ಅಕ್ಷರ 58 ಗೆರೆಗಳದ್ದು. ಅದರೊಳಗೆ ಕುದುರೆಯಿದೆ, ಚಂದ್ರನಿದೆ, ಹೃದಯವಿದೆ. ಕಂಪ್ಯೂಟರಿಗೆ ಆ ಅಕ್ಷರ ಗೊತ್ತಾದದ್ದು 2020ರಲ್ಲಿ, ಯೂನಿಕೋಡ್‌ಗೆ ಸೇರಿದ ಮೇಲೆ. ಕನ್ನಡದಲ್ಲಿ ಎರಡಕ್ಷರಕ್ಕೆ ಮುಗಿದುಹೋಯಿತು ನೋಡಿ ಎಂದು ಬರೆದು ತೋರಿಸಿದೆ. ಅಂಗಡಿಯವನು ಆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡ.

ಬೆಂದ ನೂಡಲ್ಸನ್ನು ಬಟ್ಟಲಿಗೆ ಹಾಕಿ, ಮೇಲೆ ಉಪ್ಪು, ಹೆಚ್ಚಿದ ಈರುಳ್ಳಿಸೊಪ್ಪು, ಬೆಳ್ಳುಳ್ಳಿ, ಗುಡ್ಡೆಯಾಗಿ ಮೆಣಸಿನ ಪುಡಿ. ಪಕ್ಕದಲ್ಲಿ ಸೌಟಿನಲ್ಲಿ ಎಣ್ಣೆ ಕಾಯುತ್ತಿರುತ್ತದೆ. ಸಾಸಿವೆಯ ದಾಯಾದಿಯಾದ ರೇಪ್ ಬೀಜದ ಎಣ್ಣೆ. ಹಸಿ ವಾಸನೆ ಹೋಗಿ ಹೊಗೆಯಾಡುವವರೆಗೂ ಕಾಯಬೇಕು. ಆಮೇಲೆ ಒಂದೇ ಸಲಕ್ಕೆ ಆ ಗುಡ್ಡೆಯ ನೆತ್ತಿಗೆ ಸುರಿಯುತ್ತಾರೆ. ಚೊಂಯ್! ಆ ಸದ್ದು, ಆ ಘಾಟು, ಆಮೇಲೆ ಬರುವ ಆ ಕೆಮ್ಮು. ನನ್ನ ಗಂಡ, ಅಡುಗೆಮನೆಗೆ ಕಾಲಿಡದ ಮನುಷ್ಯ, ‘ಒಗ್ಗರಣೆ ಕಣೇ!’ ಎಂದು ಕೂಗಿದರು. ಒಂದೇ ವ್ಯತ್ಯಾಸ. ನಾವು ಮಸಾಲೆಯನ್ನು ಎಣ್ಣೆಗೆ ಹಾಕುತ್ತೇವೆ, ಅವರು ಎಣ್ಣೆಯನ್ನು ಮಸಾಲೆಗೆ ಹಾಕುತ್ತಾರೆ. ಪುಡಿ ಕರಕಾಗದೆ, ಹಸಿಯೂ ಉಳಿಯದೆ ಅರಳಬೇಕಾದರೆ ಎಲ್ಲವೂ ಎಣ್ಣೆಯ ಬಿಸಿಯ ಮೇಲೆ ನಿಂತಿದೆ. ‘ಎಣ್ಣೆ ಕಾದಿರಬೇಕು, ಅಷ್ಟೇ’ ಎನ್ನುವುದು ಶೂಶು ಕೊಟ್ಟ ಏಕೈಕ ಪಾಕವಿಧಾನ.

ನೋಡಲು ಕೆಂಪಗೆ ಭಯಂಕರ, ತಿಂದರೆ ಅಷ್ಟು ಖಾರವಿಲ್ಲ. ಈ ಸೀಮೆಯ ಮೆಣಸಿನಕಾಯಿಗೆ ಉರಿಗಿಂತ ಘಮ ಹೆಚ್ಚು. ಬ್ಯಾಡಗಿಯ ಬಂಧು ಎನ್ನಿ. ಮೆಣಸಿನಕಾಯಿ ಅಲ್ಲಿಗೂ ಇಲ್ಲಿಗೂ ಒಂದೇ ತವರಿನಿಂದ, ಅಮೆರಿಕ ಖಂಡದಿಂದ ಬಂದ ಹೊಸ ಸೊಸೆ. ಚೀನೀ ಬರಹದಲ್ಲಿ ಅದು ಮೊದಲು ಕಾಣಿಸಿಕೊಳ್ಳುವುದು 1591ರಲ್ಲಿ, ಅದೂ ನೋಡಲು ಚೆಂದದ ಗಿಡವಾಗಿ. ಕಾಳುಮೆಣಸಿನ ಹೆಸರನ್ನೇ ಹಿಗ್ಗಿಸಿ ನಾವು ಇದನ್ನು ಮೆಣಸಿನಕಾಯಿ ಎಂದೆವು. ಅವರೂ ‘ಹೂಜ್ಯಾವ್’ನ ‘ಜ್ಯಾವ್’ ಉಳಿಸಿಕೊಂಡು ‘ಲಾಜ್ಯಾವ್’ ಎಂದರು. ಹೊಸಬನಿಗೆ ಹಳಬನ ಅಂಗಿ ತೊಡಿಸುವ ಬುದ್ಧಿ ಎರಡೂ ಕಡೆ ಒಂದೇ. ಇಂದು ಭಾರತದ ಒಣಮೆಣಸಿನಕಾಯಿಯ ದೊಡ್ಡ ಗಿರಾಕಿಗಳಲ್ಲಿ ಚೀನಾ ಕೂಡ ಒಂದು.

ನೂಡಲ್ಸ್ ಜೊತೆ ಹಸಿ ಬೆಳ್ಳುಳ್ಳಿ ಎಸಳನ್ನು ಕಡಿಯದಿದ್ದರೆ ರುಚಿ ಅರ್ಧವೇ ಎಂದು ಅಲ್ಲಿ ಗಾದೆಯಿದೆ. ಮುಗಿದ ಮೇಲೆ ನೂಡಲ್ಸ್ ಬೆಂದ ನೀರನ್ನೇ ಬಟ್ಟಲಲ್ಲಿ ಕೊಡುತ್ತಾರೆ, ಪುಕ್ಕಟೆ. ಬೆಂದ ನೀರೇ ಬೆಂದದ್ದನ್ನು ಅರಗಿಸುತ್ತದಂತೆ. ಬಸಿದ ಗಂಜಿಗೆ ಉಪ್ಪು ಹಾಕಿ ಕುಡಿದವರಿಗೆ ಇದೂ ಹೊಸತಲ್ಲ. ಹೊಟ್ಟೆ ತುಂಬ ತಿನ್ನುವುದಕ್ಕೆ ಶಾನ್‌ಶಿಯವರದ್ದೇ ಒಂದು ಕ್ರಿಯಾಪದವಿದೆ, ‘ದ್ಯೇ’. ಬೇರೆ ಸೀಮೆಯ ಚೀನೀಯರಿಗೆ ಅದು ಅಷ್ಟಾಗಿ ಗೊತ್ತಿಲ್ಲ. ನಮ್ಮ ‘ಬಾರಿಸು’ ಇದೆಯಲ್ಲ, ಹಾಗೆ. ಮೆಚ್ಚುಗೆಗೆ ‘ಲ್ಯಾವ್ ಝಾ ಲ್ಯೆ’. ಇವೆರಡನ್ನು ಕಲಿತ ಮೇಲೆ ನಮಗೆ ಎಲ್ಲ ಅಂಗಡಿಯಲ್ಲೂ ಸ್ಟೂಲು ಸಿಗತೊಡಗಿತು.

*

ರಾತ್ರಿ ಕಡ್ಡಿಮಾಂಸ. ಕೆಂಡದ ಮೇಲೆ ಕುರಿಯ ತುಂಡುಗಳು, ಮೇಲೆ ಎರಚುವ ಪುಡಿಯ ಹೆಸರು ಕೇಳಿದೆ. ‘ಜ್‌ರಾನ್’ ಎಂದರು. ಮೂಸಿದರೆ ಜೀರಿಗೆ. ಪರ್ಷಿಯನ್ನರ ಜೀರಾ ಉಯ್ಘರರ ಬಾಯಿಂದ ಇವರ ಬಾಯಿಗೆ ಬಂದದ್ದು. ಮಾಲೂ ಹೆಸರೂ ಒಂದೇ ಒಂಟೆಯ ಮೇಲೆ ಬಂದಿವೆ. ಗಂಡ ತಿಂದ ಹಸಿರು ನೂಡಲ್ಸಿನ ಪಾಲಕ್ ಕೂಡ ಹೀಗೇ ವಲಸೆ ಬಂದದ್ದು. 647ರಲ್ಲಿ ನೇಪಾಳದ ದೊರೆ ತಾಂಗ್ ಚಕ್ರವರ್ತಿಗೆ ಕಾಣಿಕೆಯಾಗಿ ಕಳಿಸಿದ್ದ ಸೊಪ್ಪು ಅದು. ಅಕ್ಕಿ, ಸೋಯಾ ಸಾಸು, ಅಜಿನೊಮೊಟೊ ಎಂದು ನಾವು ಚೀನೀ ಊಟಕ್ಕೆ ಹಾಕಿಕೊಂಡಿರುವ ಚೌಕಟ್ಟಿನಲ್ಲಿ ಗೋಧಿ, ಜೀರಿಗೆ, ರೊಟ್ಟಿ, ಕುರಿಯ ಈ ಊರು ಹಿಡಿಸುವುದೇ ಇಲ್ಲ.

ಗೆಳತಿಗೆ ಆಗ ನೆನಪಾಯಿತು. ಫೋನಿನಲ್ಲಿ ಬೆಂಗಳೂರಿನ ಫೋಟೊ ಹುಡುಕಿ ಅಪ್ಪನಿಗೆ ತೋರಿಸಿದಳು. ಕೆಂಪು ಗೋಬಿ ಮಂಚೂರಿ. ‘ಇದು ಅಲ್ಲಿನ ಚೀನೀ ಊಟ’ ಎಂದಳು. ಶೂಶು ಕನ್ನಡಕ ಏರಿಸಿ ನೋಡಿದರು. ಮಂಚೂರಿಯಾದಲ್ಲಿ ತಮ್ಮ ಭಾವಮೈದ ಇಪ್ಪತ್ತು ವರ್ಷ ಇದ್ದ, ಇಂಥದ್ದನ್ನು ಅವನೆಂದೂ ಹೇಳಲಿಲ್ಲ ಎಂದರು. ಮಂಚೂರಿಯನ್ ಹುಟ್ಟಿದ್ದು ಕೋಳಿಮಾಂಸದ ತಿನಿಸಾಗಿ, 1975ರ ಮುಂಬೈಯಲ್ಲಿ. ಮಾಡಿದವರು ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಎಂಬುದು ಪ್ರಸಿದ್ಧ. ಅದು ಹೂಕೋಸಿಗೆ ಇಳಿದು ನಮ್ಮ ಬೀದಿಬೀದಿಯ ಗಾಡಿಗೆ ಬಂತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದರ ಕೃತಕ ಬಣ್ಣಕ್ಕೆ ನಿಷೇಧ ಹಾಕಿತು. ಇದನ್ನೆಲ್ಲ ಗೆಳತಿ ಅನುವಾದಿಸುವಷ್ಟರಲ್ಲಿ ಶೂಶು ಕೇಳಿದ್ದು ಬೇರೆಯೇ: ‘ರುಚಿಯಾಗಿರುತ್ತಾ?’ ಇರುತ್ತದೆ ಎಂದೆವು. ‘ಮತ್ತಿನ್ನೇನು, ಅದು ನಿಮ್ಮೂರಿನ ಊಟ’ ಎಂದು ಫೋನು ವಾಪಸ್ ಕೊಟ್ಟರು. ಅವರಿಗೆ ಸಿಚುವಾನಿನ ಊಟವೂ ಪರದೇಶದ್ದೇ. ಗ್ವಾಂಗ್‌ಡಾಂಗ್‌ನವರು ತಿನ್ನುವುದನ್ನು ಅವರು ಊಟವೆಂದೇ ಒಪ್ಪುವುದಿಲ್ಲ.

ಕೊನೆಯ ದಿನ ಬೆಳಿಗ್ಗೆ ನಾವಿಬ್ಬರೇ ದೊಡ್ಡ ಕಾಡುಬಾತು ಪಗೋಡ ನೋಡಲು ಹೋದೆವು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಹ್ಯೂಯೆನ್‌ತ್ಸಾಂಗ್ ಆಗಿರುವ ಭಿಕ್ಷು ಭಾರತದಿಂದ 645ರಲ್ಲಿ ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ್ದು ಅದು. ಇಮ್ಮಡಿ ಪುಲಿಕೇಶಿಯ ರಾಜ್ಯದಲ್ಲಿ ಸುತ್ತಿ, ಆ ಜನರ ಬಿಗುಮಾನ, ಮದವೇರಿಸಿದ ಆನೆಗಳು ಎಲ್ಲವನ್ನೂ ಬರೆದಿಟ್ಟವನು. ಎದುರಿಗೇ ಅವನ ಪ್ರತಿಮೆಯಿದೆ. ಚಾಲುಕ್ಯರ ಸೀಮೆಯಲ್ಲಿ ಅವನಿಗೆ ಏನು ಬಡಿಸಿದರೋ! ಹತ್ತಿರದ ಗಾಡಿಯಲ್ಲಿ ಪರ್ಸಿಮನ್ ಹಣ್ಣಿನ ತಿರುಳು ಸೇರಿಸಿ ಕಲಸಿ ಕರಿದ ಬಿಸಿ ಬಿಲ್ಲೆಗಳು ಸಿಕ್ಕವು. ನವೆಂಬರು, ಹಣ್ಣಿನ ಕಾಲ. ಒಳಗಿನ ಹೂರಣ ನಾಲಗೆ ಸುಟ್ಟಿತು.

ಊರಿಗೆ ಬಂದು ಎರಡನೆಯ ಭಾನುವಾರ ಗಂಡ ಒಲೆಯ ಮುಂದೆ ನಿಂತರು. ಗೋಧಿಹಿಟ್ಟು ಕಲಸಿ, ಎಳೆದು, ಕಲ್ಲಿಗೆ ಬಡಿದರು. ಕೆಳಗಿನ ಮನೆಯವರು ಬಂದು ವಿಚಾರಿಸಿಕೊಂಡು ಹೋದರು. ಬ್ಯಾಡಗಿ ಪುಡಿ, ಬೆಳ್ಳುಳ್ಳಿ, ಈರುಳ್ಳಿಸೊಪ್ಪು, ಮೇಲೆ ಕಾದ ಎಣ್ಣೆ. ನಾನು ಅದನ್ನೆಲ್ಲ ವಿಡಿಯೊ ಮಾಡಿದೆ. ವಿಚಾಟ್ 2020ರಿಂದ ನಮ್ಮಲ್ಲಿ ನಿಷೇಧವಾದ್ದರಿಂದ ಗೆಳತಿಗೆ ಈಮೇಲ್‌ನಲ್ಲೇ ಕಳಿಸಬೇಕಾಯಿತು. ಮೂರು ದಿನವಾದ ಮೇಲೆ ಉತ್ತರ ಬಂತು. ನೂಡಲ್ಸಿನ ಅಗಲದ ಬಗ್ಗೆ, ಬಣ್ಣದ ಬಗ್ಗೆ ಅವಳು ಉದ್ದಕ್ಕೆ ಹೊಗಳಿ ಬರೆದಿದ್ದಳು. ಕೊನೆಯಲ್ಲಿ ಅಪ್ಪ ಹೇಳಿದ್ದು ಎಂದು ಒಂದೇ ಸಾಲು: ಎಣ್ಣೆ ಕಾದಿಲ್ಲ.